ಒಂದೇ ಮನೆ ಮುಂದೆ ಹೋಗುವ ಕಾಲಾಳು

ಚದುರಂಗದಲ್ಲಿ ಮೊದಲ ನಡೆ ಬಿಳಿಯದು. ಆ ಒಂದು ನಡೆಗೂ ಬೆಲೆಯಿದೆ. ನುರಿತವರ ಪಂದ್ಯಗಳನ್ನು ಒಟ್ಟುಹಾಕಿ ನೋಡಿದರೆ ನೂರು ಅಂಕಗಳಲ್ಲಿ ಸುಮಾರು 54 ಬಿಳಿಯ ಪಾಲಾಗುತ್ತವೆ. ಹಾಗಾಗಿ ಕಪ್ಪು ಕಾಯಿ ಹಿಡಿಯುವ ಹೊಸಬರು ಯಾವುದಾದರೂ ರಕ್ಷಣೆಯ ಹದಿನೈದು ನಡೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಲು ಕೂರುತ್ತಾರೆ. ಆದರೆ ಎರಡೂ ಕಡೆಯವರು ತಲಾ ಎರಡು ನಡೆ ಮುಗಿಸುವಷ್ಟರಲ್ಲೇ ಆಟ 1,97,281 ದಾರಿಗಳಲ್ಲಿ ಸಾಗಿರಬಹುದು. ಎದುರಾಳಿ ನಾಲ್ಕನೆಯ ನಡೆಗೇ ಪುಸ್ತಕದ ದಾರಿ ಬಿಟ್ಟರೆ ಮಗ್ಗಿ ಅಲ್ಲಿಗೇ ನಿಂತಿತು.

ನಡೆಯ ಜೊತೆಗೆ ಅದರ ಕಾರಣವನ್ನೂ ಕಲಿಯುವುದಕ್ಕೆ ಕಾರೋ–ಕಾನ್ ರಕ್ಷಣೆಯಷ್ಟು ಒಳ್ಳೆಯ ಪಾಠ ನನಗೆ ಕಂಡಿಲ್ಲ. ಹೊರೇಶಿಯೋ ಕಾರೋ, ಮಾರ್ಕಸ್ ಕಾನ್ ಎಂಬಿಬ್ಬರು 1886ರಲ್ಲಿ ಇದನ್ನು ವಿಶ್ಲೇಷಿಸಿದ್ದರಿಂದ ಈ ಹೆಸರು. ಬಿಳಿ ಇ4 ಆಡಿದರೆ ಕಪ್ಪು ಸಿ6 ಆಡುತ್ತದೆ. ಬಿಳಿ ಡಿ4 ಎಂದರೆ ಕಪ್ಪು ಡಿ5. ನೇರವಾಗಿ ಡಿ5 ಆಡಬಾರದೇ? ಆಡಬಹುದು. ಆದರೆ ಬಿಳಿ ಆ ಕಾಲಾಳನ್ನು ಹೊಡೆದಾಗ ಮಂತ್ರಿಯಿಂದ ತಿರುಗಿ ಹೊಡೆದರೆ, ಬಿಳಿಯ ಕುದುರೆ ಹೊರಬಂದು ಮಂತ್ರಿಯನ್ನೇ ಓಡಿಸುತ್ತದೆ. ಸಿ6ರಲ್ಲಿ ಕಾಲಾಳು ಕಾದು ನಿಂತಿದ್ದರೆ ಕಾಲಾಳಿನಿಂದಲೇ ಹೊಡೆಯಬಹುದು. ಹಾಗಾದರೆ ಇ6ರಿಂದ ಬೆಂಬಲ ಕೊಡಬಾರದೇ? ಅದು ಫ್ರೆಂಚ್ ರಕ್ಷಣೆ, ಗಟ್ಟಿಯಾದದ್ದೇ. ಆದರೆ ಸಿ8ರ ಒಂಟೆಗೆ ದಾರಿ ಮುಚ್ಚುತ್ತದೆ. ಕಾರೋ–ಕಾನ್‌ನಲ್ಲಿ ಆ ಒಂಟೆ ಮೊದಲು ಎಫ್5ಕ್ಕೆ ಹೊರಟು, ಆಮೇಲೆ ಇ6 ಬಂದು ಬಾಗಿಲು ಹಾಕಿಕೊಳ್ಳಬಹುದು. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಬಿ8ರ ಕುದುರೆಗೆ ಸಹಜವಾದ ಸಿ6 ಮನೆ ಕೈತಪ್ಪುತ್ತದೆ.

ಇಷ್ಟು ತಿಳಿದವರ ಕಣ್ಣಿಗೆ ಬಿಡಿಬಿಡಿ ಕಾಯಿಗಳು ಕಾಣುವುದಿಲ್ಲ, ಒಂದು ಆಕಾರ ಕಾಣುತ್ತದೆ. ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆಟದ ನಡುವಿನ ಹಲಗೆಯನ್ನು ಐದು ಸೆಕೆಂಡು ನೋಡಿದ ಮಾಸ್ಟರ್ ಸುಮಾರು 16 ಕಾಯಿಗಳನ್ನು ಸರಿಯಾಗಿ ಮತ್ತೆ ಜೋಡಿಸಿದರು. ಹೊಸಬರಿಗೆ ನಾಲ್ಕೇ ದಕ್ಕಿದವು. ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಮಾಸ್ಟರನ ಆ ಮೇಲುಗೈ ಹೆಚ್ಚುಕಡಿಮೆ ಮಾಯವಾಯಿತು. ಅವರಲ್ಲಿದ್ದದ್ದು ಅಸಾಮಾನ್ಯ ನೆನಪಲ್ಲ, ಕಾಯಿಗಳ ಗುಂಪುಗಳ ಪರಿಚಯ.

ಕಾರಣ ಕೈಬಿಟ್ಟರೆ ಎಷ್ಟು ದೊಡ್ಡವರೂ ಬೀಳುತ್ತಾರೆ. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕ್‌ನಲ್ಲಿ ಡೀಪ್ ಬ್ಲೂ ಕಂಪ್ಯೂಟರಿನ ಎದುರು ಕೊನೆಯ ಪಂದ್ಯಕ್ಕೆ ಕುಳಿತ ಗ್ಯಾರಿ ಕಾಸ್ಪರೋವ್ ಆಡಿದ್ದೂ ಕಾರೋ–ಕಾನ್. ಏಳನೆಯ ನಡೆಯಲ್ಲಿ ಎಫ್8ರ ಒಂಟೆಯನ್ನು ಹೊರತಂದು ರಾಜನಿಗೆ ಜಾಗ ಮಾಡಿಕೊಡಬೇಕಿತ್ತು. ಅವರು ಮೊದಲೇ ಎಚ್6 ತಳ್ಳಿದರು. ಯಂತ್ರ ಇ6ರಲ್ಲಿ ಕುದುರೆಯನ್ನು ಬಲಿಕೊಟ್ಟಿತು. ಹತ್ತೊಂಬತ್ತನೆಯ ನಡೆಗೆ ಆಟ ಮುಗಿದಿತ್ತು.

ಈ ರಕ್ಷಣೆ ಕಲಿಯಬೇಕೆನ್ನುವವರು ಹಲಗೆಯ ಮೇಲೆ ಮೊದಲು ಕಾಲಾಳುಗಳನ್ನಷ್ಟೇ ಜೋಡಿಸಿ ನೋಡಿ. ಸಿ8ರ ಒಂಟೆ ಎಲ್ಲಿಗೆ ಹೋಗಬೇಕು, ಸಿ5 ಯಾವಾಗ ತಳ್ಳಬೇಕು ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಉತ್ತರ ಹೊಳೆದ ಮೇಲೆ ಪುಸ್ತಕ ತೆರೆಯಿರಿ.