ಆನೆ ದೊಡ್ಡದು, ಹೆಸರು ಚಿಕ್ಕದು!

ಮಕ್ಕಳೇ, ಎರಡು ಚೀಟಿ ತೆಗೆದುಕೊಳ್ಳಿ. ಒಂದರ ಮೇಲೆ ‘ಆನೆ’ ಎಂದೂ ಇನ್ನೊಂದರ ಮೇಲೆ ‘ಇರುವೆ’ ಎಂದೂ ದಪ್ಪಗೆ ಬರೆಯಿರಿ. ಅಂಗನವಾಡಿಗೆ ಹೋಗುವ, ಇನ್ನೂ ಓದಲು ಬಾರದ ತಮ್ಮನನ್ನೋ ತಂಗಿಯನ್ನೋ ಕರೆದು, “ಇದರಲ್ಲಿ ಆನೆ ಯಾವುದು?” ಎಂದು ಕೇಳಿ. ಮಗು ‘ಇರುವೆ’ಯ ಚೀಟಿಯನ್ನೇ ತೋರಿಸಿದರೆ ಆಶ್ಚರ್ಯಪಡಬೇಡಿ. ಏಕೆ ಎಂದು ಕೇಳಿದರೆ “ಆನೆ ದೊಡ್ಡದಿರ್ತದಲ್ಲ!” ಎಂಬ ಉತ್ತರ ಬರಬಹುದು.

ನಗಬೇಡಿ. ಆ ಮಗು ತಪ್ಪು ಹೇಳಿದರೂ ಯೋಚಿಸಿಯೇ ಹೇಳಿದೆ. ದೊಡ್ಡ ಪ್ರಾಣಿಗೆ ದೊಡ್ಡ ಬರಹ ಇರಬೇಕು ಎಂಬುದು ಅದರ ತರ್ಕ. ಅರ್ಜೆಂಟೀನಾದ ಎಮಿಲಿಯಾ ಫೆರೇರೋ ಎಂಬ ವಿಜ್ಞಾನಿ 1970ರ ದಶಕದಲ್ಲಿ ಸ್ಪ್ಯಾನಿಷ್ ಮಾತನಾಡುವ ಸಣ್ಣ ಮಕ್ಕಳಲ್ಲಿ ಇಂಥದೇ ಯೋಚನೆಯನ್ನು ಗುರುತಿಸಿದರು. ಬರಹವು ವಸ್ತುವಿನ ಚಿತ್ರವಲ್ಲ, ಅದು ನಮ್ಮ ಬಾಯಿಂದ ಬರುವ ಧ್ವನಿಯ ಗುರುತು. ನಿಮಗೆ ಈಗ ಇದು ಸುಲಭ. ಆದರೆ ಒಂದು ಕಾಲದಲ್ಲಿ ನಿಮಗೂ ಇದು ಗೊತ್ತಿರಲಿಲ್ಲ.

ಮಾತು ಮನುಷ್ಯನಿಗೆ ಬಹಳ ಹಳೆಯದು. ಬರಹ ಹುಟ್ಟಿದ್ದು ಸುಮಾರು 5000 ವರ್ಷಗಳ ಹಿಂದೆ ಅಷ್ಟೇ. ಹೀಗಾಗಿ ಓದುವುದಕ್ಕೆಂದೇ ನಮ್ಮ ಮೆದುಳಿನಲ್ಲಿ ಹುಟ್ಟಿನಿಂದ ಮೀಸಲಾದ ಜಾಗವಿಲ್ಲ. ಮುಖಗಳನ್ನೂ ವಸ್ತುಗಳನ್ನೂ ಗುರುತಿಸಲು ನೆರವಾಗುವ, ಮೆದುಳಿನ ಹಿಂಭಾಗದ ಕೆಳಗಿನ ಪ್ರದೇಶದ ಒಂದು ತುಂಡನ್ನು, ಹೆಚ್ಚಾಗಿ ಎಡಬದಿಯದನ್ನು, ಅಭ್ಯಾಸದಿಂದ ಅಕ್ಷರಕ್ಕೆ ಹೊಂದಿಸಿಕೊಳ್ಳುತ್ತೇವೆ. ದನದ ಕೊಟ್ಟಿಗೆಯಲ್ಲಿ ಒಂದು ಮೂಲೆ ತೆರವು ಮಾಡಿ ಕಾಳಿನ ಚೀಲ ಇಟ್ಟ ಹಾಗೆ!

ಈ ಹೊಂದಾಣಿಕೆಯಲ್ಲಿ ಒಂದು ತೊಡಕಿದೆ. ಚಹಾ ಕಪ್ಪಿನ ಹಿಡಿಕೆ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಕಪ್ಪೇ. ಎತ್ತು ಈ ಕಡೆ ನೋಡಿದರೂ ಆ ಕಡೆ ನೋಡಿದರೂ ಅದೇ ಎತ್ತು. ಮೆದುಳು ಹೀಗೆ ನೋಡಲು ಪಳಗಿದೆ. ಆದರೆ 3 ಎಂಬ ಅಂಕಿಯನ್ನು ತಿರುಗಿಸಿದರೆ ಅದು 3 ಆಗಿ ಉಳಿಯುವುದಿಲ್ಲ. ಅದಕ್ಕೇ ಐದಾರು ವರ್ಷದವರು ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರೆಯುವುದು ಸಾಮಾನ್ಯ. ಕನ್ನಡದಲ್ಲಿ ಇನ್ನಷ್ಟು ಸೂಕ್ಷ್ಮವಿದೆ. ‘ಪ’ ಮತ್ತು ‘ಷ’ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೆರೆ. ‘ದ’ ಮತ್ತು ‘ಧ’ ನಡುವೆ ಕೆಳಗಿನ ಒಂದು ಚಿಕ್ಕ ಗೀರು.

ಮೊದಲು ಕಿವಿ, ಆಮೇಲೆ ಕಣ್ಣು

ನಿಮ್ಮ ಊರಿನ ಹೆಸರಿಗೆ ಚಪ್ಪಾಳೆ ಹೊಡೆಯಿರಿ. ಹು-ಮ-ನಾ-ಬಾದ್: ನಾಲ್ಕು ಚಪ್ಪಾಳೆ. ಬಸವಕಲ್ಯಾಣಕ್ಕೆ? ಬ-ಸ-ವ-ಕಲ್-ಯಾ-ಣ: ಆರು. ಈಗ ಅದನ್ನು ಬರೆದು ನೋಡಿ. ಕಿವಿಗೆ ‘ಲ್’ ಎಂಬುದು ‘ಕ’ದ ಜೊತೆ ಸೇರಿ ‘ಕಲ್’ ಎಂದು ಕೇಳಿತು. ಬರೆಯುವಾಗಲೋ ಅದು ಮುಂದಕ್ಕೆ ಹಾರಿ ‘ಯಾ’ದ ಜೊತೆ ಸೇರಿ ‘ಲ್ಯಾ’ ಆಯಿತು. ಒತ್ತಕ್ಷರ ಮಕ್ಕಳನ್ನು ಗೋಳು ಹೊಯ್ದುಕೊಳ್ಳಲು ಇದೂ ಒಂದು ಕಾರಣವೆಂದು ನನಗನಿಸುತ್ತದೆ.

ಚಪ್ಪಾಳೆಯ ತುಂಡುಗಳು ನಾಲ್ಕು ವರ್ಷದ ಮಗುವಿಗೂ ಸಿಗುತ್ತವೆ. ಆದರೆ ‘ಕಿ’ ಎಂಬುದರಲ್ಲಿ ‘ಕ್’ ಮತ್ತು ‘ಇ’ ಎಂಬ ಎರಡು ಧ್ವನಿಗಳಿವೆ ಎಂಬುದು ಅಷ್ಟು ಬೇಗ ಹೊಳೆಯುವುದಿಲ್ಲ. ಕಾಗುಣಿತ ನಿಂತಿರುವುದೇ ಅದರ ಮೇಲೆ. ಲೆಕ್ಕ ಹಾಕಿ: ವರ್ಣಮಾಲೆಯಲ್ಲಿ 49 ಅಕ್ಷರ. ಅದರಲ್ಲಿ 34 ವ್ಯಂಜನ. ಒಂದೊಂದಕ್ಕೂ ‘ಕ’ದಿಂದ ‘ಕಃ’ವರೆಗೆ 15 ರೂಪ. 34ನ್ನು 15ರಿಂದ ಗುಣಿಸಿದರೆ 510! ಒತ್ತಕ್ಷರಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕನ್ನಡ ಕಲಿಯುವ ಮಕ್ಕಳನ್ನು ಅಧ್ಯಯನ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಅಕ್ಷರ ಕಲಿಕೆ 4ನೇ ತರಗತಿಯಲ್ಲೂ ನಡೆದೇ ಇರುತ್ತದೆ ಎಂದು ತೋರಿಸಿದರು. ಹಾಗಿದ್ದ ಮೇಲೆ 2ನೇ ತರಗತಿಯ ತಮ್ಮ ‘ಕೃ’ ನೋಡಿ ತಡವರಿಸಿದರೆ ಅವನಿಗೆ ‘ದಡ್ಡ’ ಎನ್ನುವುದು ಯಾವ ನ್ಯಾಯ?

ನಲಿ-ಕಲಿ ತರಗತಿಯಲ್ಲಿ ಕಲಿತವರು ನೆನಪಿಸಿಕೊಳ್ಳಿ. ಅಲ್ಲಿ ಪಾಠ ‘ಅ, ಆ, ಇ, ಈ’ ಎಂದಲ್ಲ, ‘ರ, ಗ, ಸ, ದ, ಅ’ ಎಂದು ಆರಂಭವಾಗುತ್ತದೆ. ಈ ಪದ್ಧತಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಶುರುವಾಯಿತು. ಸ್ವರಗಳನ್ನಷ್ಟೇ ಕಲಿತ ಮಗು ಹೆಚ್ಚು ಪದ ಓದಲಾರದು. ಈ ಐದು ಅಕ್ಷರ ಬಂದರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲವೂ ಬಂದವು. ಓದಿದ್ದಕ್ಕೆ ಅರ್ಥ ಸಿಕ್ಕರೆ ಮಗು ಇನ್ನೊಂದು ಪದಕ್ಕೆ ತಾನೇ ಕೈ ಹಾಕುತ್ತದೆ.

ಬೆಕ್ಕೋ, ಮಾಂಜರವೋ?

ನಮ್ಮ ಭಾಗದಲ್ಲಿ ಇನ್ನೊಂದು ಪ್ರಶ್ನೆ ಇದೆ. ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು, ಲಂಬಾಣಿ ಮಾತನಾಡುವ ಮನೆಗಳಿರುತ್ತವೆ. ‘ಬೆ’ ಕಲಿಸಲು ಬೆಕ್ಕಿನ ಚಿತ್ರ ತೋರಿಸಿದರೆ ಮರಾಠಿ ಮನೆಯ ಮಗು “ಮಾಂಜರ್” ಎನ್ನುತ್ತದೆ, ಉರ್ದು ಮನೆಯದು “ಬಿಲ್ಲೀ” ಎನ್ನುತ್ತದೆ, ತೆಲುಗು ಮನೆಯದು “ಪಿಲ್ಲಿ” ಎನ್ನುತ್ತದೆ. ಮಾಂಜರ್‌ನಲ್ಲಿ ‘ಬೆ’ ಎಲ್ಲಿಂದ ಬರಬೇಕು? ಮಗು ಮಂಕಾಗಿ ಕೂರುತ್ತದೆ. ಅದಕ್ಕೆ ಬುದ್ಧಿ ಕಡಿಮೆ ಎಂದಲ್ಲ, ಪದ ಗೊತ್ತಿಲ್ಲ ಅಷ್ಟೆ. ಅಂಥವರ ಜೊತೆ ಮೊದಲು ಕನ್ನಡದಲ್ಲಿ ಮಾತಾಡಿ, ಆಡಿ, ಹೆಸರುಗಳು ನಾಲಿಗೆಗೆ ಬರಲಿ. ಗಾಡಿ, ಬಸ್ ಮುಂತಾದ ಎಲ್ಲರ ಮನೆಯಲ್ಲೂ ಇರುವ ಪದಗಳಿಂದ ಆರಂಭಿಸಿದರೆ ಇನ್ನೂ ಸುಲಭ.

ಇಲ್ಲಿ ನಮಗೆ ಒಬ್ಬ ಶಿಲಾಬಾಲೆ ನೆರವಾಗುತ್ತಾಳೆ. ಹುಮನಾಬಾದ್ ಹತ್ತಿರದ ಜಲಸಂಗ್ವಿಯ ಹಳೆಯ ಶಿವಾಲಯದ ಗೋಡೆಯ ಮೇಲೆ, ಶಾಸನ ಬರೆಯುತ್ತಿರುವ ಯುವತಿಯ ಶಿಲ್ಪವಿದೆ. ಅವಳು ಬರೆಯುತ್ತಿರುವುದು ಚಾಲುಕ್ಯರ 6ನೆಯ ವಿಕ್ರಮಾದಿತ್ಯನ ಹೊಗಳಿಕೆ. ಆ ಅರಸ 1076ರಿಂದ ಸುಮಾರು 50 ವರ್ಷ ಆಳಿದ. ಅವನ ರಾಜಧಾನಿ ಕಲ್ಯಾಣವೇ ಇಂದಿನ ಬಸವಕಲ್ಯಾಣ. ವಿಶೇಷವೇನು ಗೊತ್ತೇ? ಅವಳ ಲಿಪಿ ಕನ್ನಡದ್ದು, ಭಾಷೆ ಸಂಸ್ಕೃತ! ಲಿಪಿ ಬೇರೆ, ಭಾಷೆ ಬೇರೆ ಎನ್ನುವುದಕ್ಕೆ ಇದಕ್ಕಿಂತ ಚಂದದ ಉದಾಹರಣೆ ಬೇಕಿಲ್ಲ. ಕನ್ನಡ ಅಕ್ಷರದಲ್ಲಿ ‘ಮಾಂಜರ್’ ಎಂದೂ ಬರೆಯಬಹುದು, ‘ಬಿಲ್ಲೀ’ ಎಂದೂ ಬರೆಯಬಹುದು. ಬೆಕ್ಕಿನ ಚಿತ್ರದ ಕೆಳಗೆ ಮೂರನ್ನೂ ಬರೆದು ಅಂಗನವಾಡಿಯ ಗೋಡೆಗೆ ಅಂಟಿಸಲು ಟೀಚರನ್ನು ಕೇಳಿ.

ಕೈ ಇನ್ನೂ ಎಳೆಯದು

ನಮ್ಮ ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಮೂಳೆಗಳಿವೆ. ಹುಟ್ಟುವಾಗ ಅವೆಲ್ಲ ಮೆತ್ತನೆಯ ಮೃದ್ವಸ್ಥಿಯೇ. ಒಂದೊಂದಾಗಿ ಮೂಳೆಯಾಗುತ್ತ ಬರುತ್ತವೆ. ಕೊನೆಯದು ಮೂಳೆಯಾಗಲು ಆರಂಭಿಸುವ ಹೊತ್ತಿಗೆ ಮಗುವಿಗೆ 9ರಿಂದ 12 ವರ್ಷ ಆಗಿರುತ್ತದೆ. ಬೆರಳಿನ ಸ್ನಾಯುಗಳ ಹಿಡಿತವೂ ನಿಧಾನವಾಗಿಯೇ ಬರುತ್ತದೆ. ನಾಲ್ಕು ವರ್ಷದ ಮಗುವಿನಿಂದ ಪುಟಗಟ್ಟಲೆ ಬರೆಸುವುದು ನನಗೆ ಸರಿ ಕಾಣುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಣ್ಣಿನಲ್ಲೇ ‘ರ’ ಮಾಡಿಸಿ. ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ತಿದ್ದಿಸಿ. ತೊಗರಿ, ಹೆಸರು, ಜೋಳ ಬೆರೆಸಿಕೊಟ್ಟು ಬೇರೆ ಮಾಡಿಸಿದರೂ ಬೆರಳು ಪಳಗುತ್ತದೆ. ಆದರೆ ಪಕ್ಕದಲ್ಲೇ ಕೂತಿರಿ. ಸಣ್ಣವರು ಕಾಳನ್ನು ಮೂಗಿಗೆ ತುರುಕಿಕೊಂಡರೆ ಕಷ್ಟ!

ಕೊನೆಗೊಂದು ವಿಷಯ. ಚಪ್ಪಾಳೆ ಆಟದಲ್ಲಿ ಒಂದು ಮಗು ಯಾವಾಗಲೂ ಹಿಂದೆ ಬೀಳುತ್ತಿದ್ದರೆ, ಬೆನ್ನ ಹಿಂದಿನಿಂದ ಮೆಲ್ಲಗೆ ಅದರ ಹೆಸರು ಕರೆದು ನೋಡಿ. ತಿರುಗದಿದ್ದರೆ, ಅಥವಾ ಅದರ ಕಿವಿ ಸೋರುತ್ತಿದ್ದರೆ, ಮಗುವಿಗೆ ಧ್ವನಿಯೇ ಸರಿಯಾಗಿ ಕೇಳಿಸುತ್ತಿಲ್ಲದಿರಬಹುದು. ಮನೆಯವರಿಗೂ ಟೀಚರಿಗೂ ಅಂದೇ ಹೇಳಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ತಪಾಸಣೆಗೆ ಬರುತ್ತದೆ. ಅದು ಬರುವವರೆಗೆ ಕಾಯಬೇಕಾಗಿಲ್ಲ, ಮೊದಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತೋರಿಸಬಹುದು.