ಟ್ಯೂರಿನ್ನಿನ ಕಮಾನು ಸಾಲುಗಳಲ್ಲಿ ಚಾಕೊಲೇಟ್ ನಡಿಗೆ

ಆಲ್ಪ್ಸ್ ಪರ್ವತಗಳ ತಪ್ಪಲಲ್ಲಿ, ಪೊ ನದಿಯ ದಡದಲ್ಲಿರುವ ಟ್ಯೂರಿನ್ ನಗರ ಹೊರಗಿನವರಿಗೆ ಫಿಯೆಟ್ ಕಾರುಗಳಿಂದಲೂ ಯುವೆಂಟಸ್ ಫುಟ್‌ಬಾಲ್ ತಂಡದಿಂದಲೂ ಪರಿಚಿತ. ಇಟಲಿಯವರಿಗೆ ಅದು ಚಾಕೊಲೇಟಿನ ತವರೂ ಹೌದು. ಈ ನಗರದಲ್ಲಿ ಮಾರ್ಗದರ್ಶಕರೊಬ್ಬರ ಜೊತೆ ಸಣ್ಣ ಗುಂಪಾಗಿ ಹೊರಟು, ಹಳೆಯ ಕಾಫಿಮನೆಗಳನ್ನೂ ಮಿಠಾಯಿ ಅಂಗಡಿಗಳನ್ನೂ ಕಾಲ್ನಡಿಗೆಯಲ್ಲಿ ಸುತ್ತಿ, ಒಂದೊಂದು ಕಡೆ ಒಂದೊಂದು ಬಗೆಯ ಚಾಕೊಲೇಟಿನ ರುಚಿ ನೋಡುತ್ತ ಸಾಗುವ ಎರಡು ಮೂರು ಗಂಟೆಗಳ ‘ಚಾಕೊಲೇಟ್ ನಡಿಗೆ’ಗಳು ಪ್ರವಾಸಿಗರಲ್ಲಿ ಜನಪ್ರಿಯವಾಗಿವೆ. ಮೇಲ್ನೋಟಕ್ಕೆ ಇದು ಸಿಹಿ ತಿನ್ನುವ ನೆಪದ ವಿಹಾರವೆಂದು ತೋರಬಹುದು. ಆದರೆ ಇಲ್ಲಿನ ಚಾಕೊಲೇಟು ಅರಮನೆ, ಚರ್ಚು, ಯುದ್ಧ, ಆಮದಿನ ಕೊರತೆ, ಕಾರ್ಖಾನೆ ಇವೆಲ್ಲವನ್ನೂ ಹಾದು ಇಂದಿನ ರೂಪಕ್ಕೆ ಬಂದಿರುವುದರಿಂದ, ತಿಳಿದವರೊಬ್ಬರು ಜೊತೆಗಿದ್ದರೆ ರುಚಿಗೂ ಚರಿತ್ರೆಗೂ ಇರುವ ನಂಟು ಹೆಜ್ಜೆ ಹೆಜ್ಜೆಗೂ ಸ್ಪಷ್ಟವಾಗುತ್ತದೆ.

ಊರಿನ ರಚನೆಯೂ ನಡಿಗೆಗೆ ಅನುಕೂಲವಾಗಿದೆ. ಹಳೆಯ ಟ್ಯೂರಿನ್ನಿನ ಮುಖ್ಯ ಬೀದಿಗಳ ಬದಿಯಲ್ಲಿ ಕಟ್ಟಡಗಳ ಕೆಳಅಂತಸ್ತನ್ನು ಕಮಾನುಗಳ ಮೊಗಸಾಲೆಯಾಗಿ ತೆರೆದಿಟ್ಟಿದ್ದಾರೆ; ಪೋರ್ಟಿಕೊ ಎಂದು ಕರೆಯುವ ಈ ಮೊಗಸಾಲೆಗಳ ಒಟ್ಟು ಉದ್ದ ಸುಮಾರು 18 ಕಿಲೋಮೀಟರ್. ಮಳೆ ಸುರಿಯಲಿ, ಹಿಮ ಬೀಳಲಿ, ಅವುಗಳ ಅಡಿಯಲ್ಲಿ ಒದ್ದೆಯಾಗದೆ ನಡೆಯಬಹುದು. ಅರಮನೆಯಿಂದ ನದಿಯ ಕಡೆಗೆ ಸಾಗುವ ವಿಯಾ ಪೊ ಬೀದಿಯ ಒಂದು ಬದಿಯಲ್ಲಿ ಅಡ್ಡರಸ್ತೆಗಳ ಮೇಲೂ ಕಮಾನು ಮುಂದುವರಿದಿದ್ದು, ರಾಜನು ನೆನೆಯದೆ ನದಿಯತ್ತ ಹೋಗಲೆಂದು ಹಾಗೆ ಕಟ್ಟಿದರೆಂಬ ಹೇಳಿಕೆಯಿದೆ. ರಾಜಮನೆತನದ ಅರಮನೆ ಮತ್ತು ಪಲಾಜ್ಜೊ ಮದಾಮಾ ಎದುರುಬದುರಾಗಿ ನಿಂತಿರುವ ಪಿಯಾಜ್ಜಾ ಕಾಸ್ತೆಲ್ಲೊ ಎಂಬ ಚೌಕ ಇಂಥ ನಡಿಗೆಯನ್ನು ಆರಂಭಿಸಲು ತಕ್ಕ ಜಾಗ. ಏಕೆಂದರೆ ಇಲ್ಲಿ ಚಾಕೊಲೇಟಿನ ಕಥೆ ಆರಂಭವಾದದ್ದೂ ಅರಮನೆಯಿಂದಲೇ.

ಮೆಕ್ಸಿಕೊ ಕಡೆಯಿಂದ ಕೋಕೋವನ್ನು ಯುರೋಪಿಗೆ ತಂದವರು ಸ್ಪೇನಿನವರು. ಸಾವೊಯ್ ಮನೆತನದ ಡ್ಯೂಕ್ ಎಮ್ಯಾನುಯೆಲೆ ಫಿಲಿಬೆರ್ತೊ 1563ರಲ್ಲಿ ತನ್ನ ರಾಜಧಾನಿಯನ್ನು ಶಾಂಬೆರಿಯಿಂದ ಟ್ಯೂರಿನ್ನಿಗೆ ವರ್ಗಾಯಿಸಿದನು, ಅವನ ಮಗ ಕಾರ್ಲೊ ಎಮ್ಯಾನುಯೆಲೆ 1585ರಲ್ಲಿ ಸ್ಪೇನಿನ ದೊರೆ ಎರಡನೆಯ ಫಿಲಿಪನ ಮಗಳು ಕತಲೀನಾ ಮಿಕಾಯೆಲಾಳನ್ನು ಮದುವೆಯಾದನು. ತಂದೆ ಫಿಲಿಬೆರ್ತೊನೇ ಚಾಕೊಲೇಟನ್ನು ತಂದನೆಂದು ಕೆಲವರೂ ಸೊಸೆಯ ಜೊತೆ ಅದು ಬಂತೆಂದು ಇನ್ನು ಕೆಲವರೂ ಹೇಳುತ್ತಾರೆ. ಎರಡಕ್ಕೂ ಗಟ್ಟಿಯಾದ ಆಧಾರವಿಲ್ಲದಿದ್ದರೂ, ಸ್ಪೇನಿನ ಆಸ್ಥಾನದೊಡನೆ ಬೆಳೆದ ನಂಟೇ ಕೋಕೋ ಇಲ್ಲಿಗೆ ಬರಲು ದಾರಿಯಾಯಿತೆಂಬುದು ನಂಬಲು ಯೋಗ್ಯವಾದ ಮಾತು. ಆ ಕಾಲದ ಚಾಕೊಲೇಟು ಇಂದಿನಂತೆ ಕಚ್ಚಿ ತಿನ್ನುವ ವಸ್ತುವಾಗಿರಲಿಲ್ಲ. ಅರೆದ ಕೋಕೋವನ್ನು ಸಕ್ಕರೆ ಮತ್ತು ಸಾಂಬಾರ ಪದಾರ್ಥಗಳ ಜೊತೆ ಕುದಿಸಿ ಕುಡಿಯುವ ದುಬಾರಿ ಪಾನೀಯವಾಗಿತ್ತು. ಅರಮನೆ ಮತ್ತು ಸಿರಿವಂತರ ಮನೆಗಳ ಆ ಪಾನೀಯ ಹದಿನೆಂಟನೆಯ ಶತಮಾನದ ಹೊತ್ತಿಗೆ ಕಾಫಿಮನೆಗಳ ಮೂಲಕ ಪೇಟೆಯ ಜನರಿಗೂ ದಕ್ಕಿತು.

ಆ ಬದಲಾವಣೆಯನ್ನು ಇಂದಿಗೂ ಲೋಟದಲ್ಲಿ ಕಾಣಬೇಕೆನ್ನುವವರು ಕೊನ್ಸೊಲಾತಾ ಚರ್ಚಿನ ಎದುರಿಗಿರುವ, 1763ರಲ್ಲಿ ಆರಂಭವಾದ ಬಿಚೆರಿನ್ ಕಾಫಿಮನೆಗೆ ಹೋಗಬೇಕು. ಬಿಚೆರಿನ್ ಎಂದರೆ ಅಲ್ಲಿನ ಪಿಯೆಮೊಂತೆ ಪ್ರಾಂತದ ಮಾತಿನಲ್ಲಿ ಸಣ್ಣ ಲೋಟ. ಅದರಲ್ಲಿ ಕೊಡುವ ಪಾನೀಯಕ್ಕೂ ಅದೇ ಹೆಸರು ನಿಂತಿದೆ. ಅಮೃತಶಿಲೆಯ ಹಾಸಿನ ಕೆಲವೇ ಪುಟ್ಟ ಮೇಜುಗಳುಳ್ಳ ಆ ಚಿಕ್ಕ ಕೋಣೆಯಲ್ಲಿ ಗಾಜಿನ ಲೋಟವನ್ನು ಮುಂದಿಟ್ಟಾಗ, ತಳದಲ್ಲಿ ಮಂದವಾಗಿ ಕುದಿಸಿದ ಬಿಸಿ ಚಾಕೊಲೇಟು, ಅದರ ಮೇಲೆ ಎಸ್ಪ್ರೆಸೊ ಕಾಫಿ, ಎಲ್ಲಕ್ಕೂ ಮೇಲೆ ಹೆಚ್ಚು ಸಿಹಿಯಿಲ್ಲದ ತಣ್ಣನೆಯ ಹಾಲಿನ ಕೆನೆ, ಹೀಗೆ ಮೂರು ಪದರಗಳು ಬೇರೆಬೇರೆಯಾಗಿ ಕಾಣುತ್ತವೆ. ಚಮಚದಿಂದ ಕಲಕಬಾರದೆಂಬುದು ಅಲ್ಲಿನ ಮೊದಲ ಪಾಠ. ಕಲಕದೆ ಲೋಟವನ್ನು ತುಟಿಗೆ ತಂದರೆ ತಂಪು ಕೆನೆಯ ಅಡಿಯಿಂದ ಬಿಸಿ ಕಾಫಿಯ ಕಹಿಯೂ ಚಾಕೊಲೇಟಿನ ಸಿಹಿಯೂ ಒಂದರ ಹಿಂದೆ ಒಂದು ಬರುತ್ತವೆ. ಕಲಕಿದರೆ ಉಳಿಯುವುದು ಬರಿಯ ಒಂದು ಸಿಹಿ ಕಾಫಿ. ಹದಿನೆಂಟನೆಯ ಶತಮಾನದ ಬವರೇಸಾ ಎಂಬ ಪಾನೀಯದಿಂದ ಬಿಚೆರಿನ್ ಬೆಳೆದುಬಂದಿತೆಂದು ಹೇಳುತ್ತಾರೆ. ಹಿಂದೆ ಕಾಫಿ ಮತ್ತು ಹಾಲು, ಕಾಫಿ ಮತ್ತು ಚಾಕೊಲೇಟು, ಮೂರೂ ಸೇರಿದ್ದು ಎಂಬ ಮೂರು ಬಗೆಗಳಿದ್ದು, ಎಲ್ಲವೂ ಸ್ವಲ್ಪ ಸ್ವಲ್ಪ ಇರುವ ಮೂರನೆಯ ಬಗೆಯೇ ಉಳಿದುಕೊಂಡಿತು. ಇಟಲಿಯ ಏಕೀಕರಣದ ಮುಂದಾಳು ಕವೂರ್ ಕೂಡ ಇಲ್ಲಿಗೆ ಬರುತ್ತಿದ್ದನೆಂಬ ನೆನಪನ್ನು ಕಾಫಿಮನೆಯವರು ಅಭಿಮಾನದಿಂದ ಉಳಿಸಿಕೊಂಡಿದ್ದಾರೆ.

ಚರ್ಚಿನ ಎದುರಿಗೇ ಚಾಕೊಲೇಟ್ ಅಂಗಡಿ ಇರುವುದು ಬರಿಯ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಪ್ರಸಾದ ಸ್ವೀಕರಿಸುವ ಮುನ್ನ ಏನನ್ನೂ ಸೇವಿಸದಿರುವುದು ಅಂದಿನ ಕ್ಯಾಥೊಲಿಕರ ನಿಯಮವಾಗಿದ್ದು, ಪೂಜೆ ಮುಗಿಸಿ ಹೊರಬಂದವರಿಗೆ ಬಿಸಿಯಾದ, ಹೊಟ್ಟೆ ತುಂಬಿಸುವ ಪಾನೀಯವೊಂದು ಬೇಕಾಗುತ್ತಿತ್ತು. ಚಾಕೊಲೇಟ್ ಕುಡಿದರೆ ಉಪವಾಸ ಭಂಗವಾಗುತ್ತದೆಯೇ ಎಂಬ ಪ್ರಶ್ನೆ ಹದಿನೇಳನೆಯ ಶತಮಾನದಲ್ಲಿ ಧರ್ಮಶಾಸ್ತ್ರಜ್ಞರ ನಡುವೆ ದೀರ್ಘ ವಾದಕ್ಕೆ ಕಾರಣವಾಗಿತ್ತು; ದ್ರವವು ಉಪವಾಸವನ್ನು ಕೆಡಿಸುವುದಿಲ್ಲವೆಂದು ಕಾರ್ಡಿನಲ್ ಬ್ರಂಕಾಚ್ಚೊ ವಾದಿಸಿದ ಮೇಲೆ, ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲೂ ಚಾಕೊಲೇಟ್ ಕುಡಿಯುವವರಿಗೆ ಒಂದು ಸಮರ್ಥನೆ ದೊರೆಯಿತು.

ಟ್ಯೂರಿನ್ನಿನ ಚಾಕೊಲೇಟಿಗೆ ಅದರದೇ ಆದ ಗುಣವನ್ನು ಕೊಟ್ಟದ್ದು ಸಮೃದ್ಧಿಯಲ್ಲ, ಅಭಾವ. ನೆಪೋಲಿಯನ್ 1806ರಲ್ಲಿ ಬ್ರಿಟನ್ನಿನ ವ್ಯಾಪಾರದ ಮೇಲೆ ದಿಗ್ಬಂಧನ ಹೇರಿದಾಗ ಪಿಯೆಮೊಂತೆ ಫ್ರಾನ್ಸಿನ ಆಡಳಿತದಲ್ಲಿತ್ತು. ಸಮುದ್ರದಾಚೆಯಿಂದ ಬರುವ ಕೋಕೋ ಮತ್ತು ಸಕ್ಕರೆ ದುರ್ಲಭವಾಗಿ ಬೆಲೆ ಏರಿತು. ಆಗ ಇಲ್ಲಿನ ಕುಶಲಕರ್ಮಿಗಳು, ನಗರದ ದಕ್ಷಿಣಕ್ಕಿರುವ ಲಾಂಗೆ ಬೆಟ್ಟಗಳಲ್ಲಿ ಯಥೇಚ್ಛವಾಗಿ ಬೆಳೆಯುವ ಹೇಜಲ್‌ನಟ್ ಕಾಯಿಯನ್ನು ಹುರಿದು ಪುಡಿಮಾಡಿ ಕೋಕೋದೊಡನೆ ಬೆರೆಸಿದರೆಂಬುದು ಪ್ರತಿಯೊಂದು ನಡಿಗೆಯಲ್ಲೂ ಕೇಳಿಬರುವ ಕಥೆ. ದಿಗ್ಬಂಧನದ ವರ್ಷಗಳಲ್ಲೇ ಈ ಮಿಶ್ರಣ ಪೂರ್ಣರೂಪಕ್ಕೆ ಬಂತೆನ್ನುವುದು ಅವಸರದ ತೀರ್ಮಾನವಾದೀತು. ನುಣ್ಣನೆಯ ಹೇಜಲ್‌ನಟ್ ಲೇಹ್ಯವನ್ನು ಚಾಕೊಲೇಟಿಗೆ ಸೇರಿಸುವ ವಿಧಾನ ಹದಗೊಂಡದ್ದು ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ, ಅರೆಯುವ ಯಂತ್ರಗಳು ಸುಧಾರಿಸಿದ ಬಳಿಕ. ಆದರೂ ಕೊರತೆಯ ಕಾಲದಲ್ಲಿ ಹೊಲದ ಬೆಳೆಯೊಂದು ದೂರದೇಶದ ಸರಕಿಗೆ ಜೊತೆಯಾಯಿತೆಂಬ ಕಥೆಯ ತಿರುಳು ಸುಳ್ಳಲ್ಲ.

ಈ ಮಿಶ್ರಣದಿಂದ ಹುಟ್ಟಿದ ಜಂದುಯೊಟ್ಟೊ ಎಂಬ ಚಾಕೊಲೇಟು 1865ರ ಕಾರ್ನಿವಲ್ ಹಬ್ಬದಲ್ಲಿ ಜನರ ಕೈಸೇರಿತು. ಮೂರು ಮೂಲೆಯ ಟೋಪಿ ತೊಟ್ಟ ಜಂದೂಯ ಎಂಬ ಹಳ್ಳಿಗ ಪಿಯೆಮೊಂತೆಯ ಜನಪದ ನಾಟಕಗಳ ಹಾಗೂ ಕಾರ್ನಿವಲ್ ಮೆರವಣಿಗೆಗಳ ಅಚ್ಚುಮೆಚ್ಚಿನ ಪಾತ್ರ. ಆ ವೇಷಧಾರಿಯ ಹೆಸರನ್ನೇ ಕಾಫರೆಲ್ ಸಂಸ್ಥೆ ತನ್ನ ಹೊಸ ಚಾಕೊಲೇಟಿಗೆ ಇಟ್ಟಿತು. ಏಕೀಕೃತ ಇಟಲಿಗೆ 1861ರಿಂದ ರಾಜಧಾನಿಯಾಗಿದ್ದ ಟ್ಯೂರಿನ್ ಆ ಪಟ್ಟವನ್ನು ಫ್ಲಾರೆನ್ಸಿಗೆ ಬಿಟ್ಟುಕೊಟ್ಟದ್ದೂ 1865ರಲ್ಲೇ. ಅದಕ್ಕೂ ಕೆಲವು ತಿಂಗಳು ಮೊದಲು ಈ ನಿರ್ಧಾರವನ್ನು ವಿರೋಧಿಸಿ ಬೀದಿಗಿಳಿದ ನಾಗರಿಕರ ಮೇಲೆ ಗುಂಡು ಹಾರಿಸಲಾಗಿತ್ತು. ರಾಜ್ಯಾಧಿಕಾರ ಊರು ಬಿಟ್ಟು ಹೊರಟ ವರ್ಷದಲ್ಲಿ ಊರಿನವನೇ ಆದ ಜಂದೂಯನ ಹೆಸರಿನ ತಿನಿಸು ನಗರದ ಗುರುತಾಗಿ ನಿಂತಿತೆಂಬುದನ್ನು ಮಾರ್ಗದರ್ಶಕರು ಒತ್ತಿ ಹೇಳಬೇಕು. ಬಹಳ ಮಂದಿ ಅದನ್ನು ಹೇಳದೆಯೇ ಮುಂದೆ ಸಾಗುತ್ತಾರೆ.

ಜಂದುಯೊಟ್ಟೊ ಆಕಾರದಲ್ಲಿ ಬೋರಲು ಹಾಕಿದ ಪುಟ್ಟ ದೋಣಿ; ಚಿನ್ನದ ಬಣ್ಣದ ತೆಳುಹಾಳೆಯ ಹೊದಿಕೆಯಲ್ಲಿ ಒಂದೊಂದನ್ನೂ ಬಿಡಿಬಿಡಿಯಾಗಿ ಸುತ್ತಿಟ್ಟಿರುತ್ತಾರೆ. ಈ ಆಕಾರದ ಹಿಂದೆ ತಾಂತ್ರಿಕ ಕಾರಣವೂ ಇದೆ. ಚಾಕೊಲೇಟಿಗೆ ಗಟ್ಟಿತನವನ್ನು ಕೊಡುವುದು ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದಲ್ಲಿರುವ ಕೊಬ್ಬು. ಹೇಜಲ್‌ನಟ್ಟಿನ ಎಣ್ಣೆಯಾದರೋ ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿಯೇ ಇರುತ್ತದೆ. ಎರಡೂ ಬೆರೆತಾಗ ಮಿಶ್ರಣ ಮೆತ್ತಗಾಗಿ, ಅಚ್ಚಿಗೆ ಹೊಯ್ದರೆ ಸುಲಭವಾಗಿ ಬಿಟ್ಟುಬರುವುದಿಲ್ಲ. ಆದ್ದರಿಂದ ಹಿಂದೆ ಕುಶಲಕರ್ಮಿಗಳು ಮಿಶ್ರಣವನ್ನು ಚಪ್ಪಟೆ ಅಲಗುಗಳಿಂದ ಕೈಯಲ್ಲೇ ಕತ್ತರಿಸಿ ತಟ್ಟೆಯ ಮೇಲಿಡುತ್ತಿದ್ದರು. ಇಂದಿಗೂ ಉತ್ತಮ ತಯಾರಕರು ಅಚ್ಚಿಲ್ಲದೆ, ಹದವಾದ ಮಿಶ್ರಣವನ್ನು ಯಂತ್ರದ ಮೂತಿಯಿಂದ ನೇರವಾಗಿ ಹಲಗೆಯ ಮೇಲೆ ಇಳಿಸುತ್ತಾರೆ. ಈ ಮಿಶ್ರಣಕ್ಕೂ ಜಂದೂಯನ ಹೆಸರೇ ನಿಂತಿದ್ದು, ಯುರೋಪಿನ ನಿಯಮದ ಪ್ರಕಾರ ಜಂದೂಯ ಎಂಬ ಹೆಸರಿನ ಚಾಕೊಲೇಟಿನ ಪ್ರತಿ 100 ಗ್ರಾಮಿನಲ್ಲಿ ಕನಿಷ್ಠ 20, ಗರಿಷ್ಠ 40 ಗ್ರಾಂ ಹೇಜಲ್‌ನಟ್ ಇರಬೇಕು.

ರುಚಿ ನೋಡುವುದಕ್ಕೂ ಒಂದು ಕ್ರಮವಿದೆ. ಕೋಕೋ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಮೈಯ ಶಾಖಕ್ಕಿಂತ ತುಸು ಕಡಿಮೆ ಉಷ್ಣತೆಯಲ್ಲಿ ಕರಗುವುದರಿಂದ, ತುಣುಕನ್ನು ಅಗಿಯದೆ ನಾಲಗೆಯ ಮೇಲಿಟ್ಟು ಕರಗಲು ಬಿಟ್ಟರೆ ಪರಿಮಳ ಹಂತಹಂತವಾಗಿ ಬಿಡಿಸಿಕೊಳ್ಳುತ್ತದೆ. ಹದವಾಗಿ ತಣಿಸಿದ ಕಪ್ಪು ಚಾಕೊಲೇಟಿನ ಮೈ ಹೊಳೆಯುತ್ತದೆ, ಮುರಿದರೆ ಟಕ್ಕೆಂದು ಸದ್ದಾಗುತ್ತದೆ. ಜಂದುಯೊಟ್ಟೊದಿಂದ ಆ ಸದ್ದನ್ನು ನಿರೀಕ್ಷಿಸಬಾರದು, ಅದು ಮೃದುವಾಗಿ ಸೋಲಬೇಕು. ಬಾಯಲ್ಲಿ ಕಾಣುವ ಪರಿಮಳದ ಬಹುಪಾಲು ಹುಟ್ಟುವುದು ತೋಟದಲ್ಲೇ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುವವರಿಗೆ ಇದು ತಿಳಿದ ವಿಷಯ: ಕಾಯಿ ಒಡೆದು, ಬಿಳಿಯ ತಿರುಳಿನ ಸಮೇತ ಬೀಜಗಳನ್ನು ಕೆಲವು ದಿನ ಹುಳಿಯಲು ಬಿಟ್ಟು, ಬಳಿಕ ಒಣಗಿಸದಿದ್ದರೆ ಹುರಿದಾಗ ಚಾಕೊಲೇಟಿನ ವಾಸನೆಯೇ ಏಳುವುದಿಲ್ಲ. 1986ರಿಂದ ಪುತ್ತೂರಿನಲ್ಲಿ ಕ್ಯಾಂಪ್ಕೊ ಸಹಕಾರಿಯ ಚಾಕೊಲೇಟ್ ಕಾರ್ಖಾನೆ ಇರುವುದರಿಂದ ಕನ್ನಡಿಗರಿಗೆ ಈ ಕೆಲಸ ತೀರ ಅಪರಿಚಿತವೇನಲ್ಲ.

ನಡಿಗೆಯ ಉಳಿದ ತಾಣಗಳಲ್ಲಿ ಸುಬಾಲ್ಪಿನಾ ಎಂಬ ಗಾಜಿನ ಮೇಲ್ಛಾವಣಿಯ ಅಂಗಡಿಸಾಲಿಗೆ ಹೊಂದಿಕೊಂಡಿರುವ ‘ಬರಾತಿ ಮತ್ತು ಮಿಲಾನೊ’ ಕಾಫಿಮನೆ, ಸಾನ್ ಕಾರ್ಲೊ ಚೌಕದಲ್ಲಿ 1836ರಿಂದಿರುವ ಸ್ತ್ರಾತಾ ಮಿಠಾಯಿ ಅಂಗಡಿ, ವಿಯಾ ಪೊ ಬೀದಿಯಲ್ಲಿ ಜಂದೂಯ ಐಸ್‌ಕ್ರೀಮಿಗೆ ಹೆಸರಾದ 1780ರ ಫಿಯೊರಿಯೊ ಕಾಫಿಮನೆ ಮುಖ್ಯವಾದವು. ಕಡ್ಡಿಗೆ ಸಿಕ್ಕಿಸಿ ಚಾಕೊಲೇಟಿನಲ್ಲಿ ಅದ್ದಿದ ಪಿಂಗ್ವೀನೊ ಐಸ್‌ಕ್ರೀಮನ್ನು 1939ರಲ್ಲಿ ಹೊರತಂದ ಪೆಪೀನೊ ಅಂಗಡಿ ಕಾರಿಂಜಾನೊ ಅರಮನೆಯ ಎದುರಿಗಿದೆ. ಏಕೀಕೃತ ಇಟಲಿಯ ಮೊದಲ ಸಂಸತ್ತು ಸೇರಿದ್ದು ಈ ಅರಮನೆಯ ಆವರಣದಲ್ಲೇ. ಪ್ರವಾಸೋದ್ಯಮದವರು ಪ್ರಚಾರ ಮಾಡುವ ‘ಮೆರೆಂದಾ ರೆಯಾಲೆ’, ಅಂದರೆ ಅರಸು ಮನೆಯ ಸಂಜೆಯ ಉಪಾಹಾರದಲ್ಲಿ, ಗರಿಗರಿಯಾದ ಸಣ್ಣ ಬಿಸ್ಕತ್ತುಗಳನ್ನು ಬಿಸಿ ಚಾಕೊಲೇಟಿನಲ್ಲಿ ಅದ್ದಿ ತಿನ್ನುವ ಹಳೆಯ ರೂಢಿಯನ್ನು ಮತ್ತೆ ತಂದಿದ್ದಾರೆ.

ಇದೇ ಪ್ರಾಂತದ ಆಲ್ಬಾ ಪಟ್ಟಣದಲ್ಲಿ ಅಭಾವದ ಕಥೆ ಮರುಕಳಿಸಿತು. ಎರಡನೆಯ ಮಹಾಯುದ್ಧದ ಬಳಿಕ ಕೋಕೋ ಮತ್ತೆ ದುರ್ಲಭವಾದಾಗ ಪಿಯೆತ್ರೊ ಫೆರೆರೊ ಎಂಬ ಮಿಠಾಯಿಗಾರ ಹೇಜಲ್‌ನಟ್ ಹೆಚ್ಚಾಗಿರುವ ಗಟ್ಟಿ ಲೇಹ್ಯವನ್ನು ಬ್ರೆಡ್ಡಿನ ಜೊತೆ ಕತ್ತರಿಸಿ ತಿನ್ನುವಂತೆ ಮಾಡಿ ಮಾರಿದ. ಅದನ್ನು ಸವರಲು ಬರುವಂತೆ ಮೆತ್ತಗೆ ಮಾಡಿ ಅವನ ಮಗ 1964ರಲ್ಲಿ ನುಟೆಲ್ಲಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ. ಇಂದು ಬೆಂಗಳೂರಿನ ಅಂಗಡಿಗಳಲ್ಲೂ ಸಿಗುವ ಆ ಬಾಟಲಿಯ ವಂಶಮೂಲ ಟ್ಯೂರಿನ್ನಿನ ಜಂದೂಯವೇ ಆದರೂ ಎರಡರ ರುಚಿಯನ್ನು ಸಮನೆಂದು ಭಾವಿಸುವುದು ಸರಿಯಲ್ಲ.

ಪ್ರವಾಸಿಗರ ಗದ್ದಲದಲ್ಲಿ ಮರೆಯಬಾರದ ಸಂಗತಿಗಳೂ ಇವೆ. ಜಂದುಯೊಟ್ಟೊಗೆ ಯುರೋಪಿನ ಸಂರಕ್ಷಿತ ಭೌಗೋಳಿಕ ಸೂಚನೆಯನ್ನು, ಅಂದರೆ ಒಂದು ಪ್ರದೇಶದ ಉತ್ಪನ್ನಕ್ಕೆ ಮಾತ್ರ ಆ ಹೆಸರನ್ನು ಮೀಸಲಿಡುವ ಕಾನೂನು ಮಾನ್ಯತೆಯನ್ನು, ಪಡೆಯಲು ಸ್ಥಳೀಯ ತಯಾರಕರು ಹೊರಟಾಗ ಹಾಲಿನ ಪುಡಿ ಸೇರಿಸಬಹುದೇ ಎಂಬ ವಿಷಯದಲ್ಲಿ ದೊಡ್ಡ ಉದ್ಯಮಕ್ಕೂ ಅವರಿಗೂ ತಕರಾರು ಎದ್ದಿತು. ಹಾಲಿನ ಪುಡಿ ಹೇಜಲ್‌ನಟ್ಟಿನ ಪರಿಮಳವನ್ನು ಮಂಕಾಗಿಸುತ್ತದೆಂಬ ಸ್ಥಳೀಯರ ವಾದ ನ್ಯಾಯವಾದದ್ದು. ಅದಕ್ಕಿಂತ ಗಂಭೀರವಾದದ್ದು, ಜಗತ್ತಿನ ಕೋಕೋದ ಅರ್ಧಕ್ಕೂ ಹೆಚ್ಚು ಪಾಲನ್ನು ಬೆಳೆಯುವ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳ ಬಡ ರೈತರ, ಅಲ್ಲಿನ ತೋಟಗಳಲ್ಲಿ ದುಡಿಯುವ ಮಕ್ಕಳ ಪಾಡು. ಅದರ ಮಾತೇ ಎತ್ತದ ನಡಿಗೆ, ಎಷ್ಟೇ ರುಚಿಯಾಗಿದ್ದರೂ, ಅಪೂರ್ಣ.

ಬೇಸಿಗೆಯಲ್ಲಿ ಟ್ಯೂರಿನ್ನಿನ ಸೆಕೆಗೆ ಚಾಕೊಲೇಟು ಮೆತ್ತಗಾಗುವುದಲ್ಲದೆ ಬಿಸಿ ಪಾನೀಯವೂ ರುಚಿಸದು. ಹೋಗುವವರು ಅಕ್ಟೋಬರಿನಿಂದ ಮಾರ್ಚಿನವರೆಗಿನ ತಿಂಗಳುಗಳನ್ನು ಆರಿಸಿಕೊಳ್ಳುವುದು ಲೇಸು. ಮನೆಗೆ ಕೊಂಡೊಯ್ಯಲು ಜಂದುಯೊಟ್ಟೊ ಕೊಳ್ಳುವಾಗ ಪೆಟ್ಟಿಗೆಯ ಅಂದವನ್ನು ನೋಡದೆ ಅದರ ಮೇಲಿನ ಪಟ್ಟಿಯನ್ನು ಓದಿ, ಹೇಜಲ್‌ನಟ್, ಸಕ್ಕರೆ, ಕೋಕೋ ಇವಿಷ್ಟೇ ಮುಖ್ಯವಾಗಿರುವುದನ್ನು ಆರಿಸಿಕೊಳ್ಳಬೇಕು.