ಜಿಯೋ ಫೋನ್‌ನಲ್ಲಿ ವಾಟ್ಸಾಪ್ ಬಂದ್: ಹೊಸ ಫೋನ್‌ಗೆ ಹೋಗುವವರು ಏನು ನೋಡಿಕೊಳ್ಳಬೇಕು?

ಕೊಹೀರ್: ಗುಂಡಿ ಒತ್ತುವ ಜಿಯೋ ಫೋನ್‌ನಲ್ಲಿ ವಾಟ್ಸಾಪ್ ನಿಂತುಹೋಗಿದೆ. 2024ರ ಜೂನ್ 25ರಿಂದ ಅದನ್ನು ಹೊಸದಾಗಿ ಹಾಕಿಕೊಳ್ಳಲು ಬರುವುದಿಲ್ಲ. ಮೊದಲೇ ಹಾಕಿಕೊಂಡಿದ್ದವರಿಗೂ 2025ರ ಆರಂಭದವರೆಗೆ ಮಾತ್ರ ಎಂದು ಆಗಲೇ ತಿಳಿಸಲಾಗಿತ್ತು. ಕೆಟ್ಟಿರುವುದು ಫೋನೂ ಅಲ್ಲ, ಸಿಮ್ಮೂ ಅಲ್ಲ. ಆದ್ದರಿಂದ ರಿಪೇರಿ ಅಂಗಡಿಗೆ ಹಣ ಕೊಟ್ಟರೂ ಅದು ಮರಳಿ ಬರುವುದಿಲ್ಲ.

ಗಡಿ ಭಾಗದ ಜನರಿಗೆ ಇದು ಸಣ್ಣ ವಿಷಯವಲ್ಲ. 1956ರವರೆಗೆ ಜಹೀರಾಬಾದ್, ನಾರಾಯಣಖೇಡ್ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಬೇರೆಯಾದರೂ ಬೀಗತನ ಬೇರೆಯಾಗಲಿಲ್ಲ. ಮನೆಯಲ್ಲಿ ಕನ್ನಡ ಮಾತನಾಡಿ ಶಾಲೆಯಲ್ಲಿ ತೆಲುಗು ಕಲಿತವರಿಗೆ ಬೀದರ್ ಕಡೆಯ ನೆಂಟರಿಗೆ ಪತ್ರ ಬರೆಯುವುದಕ್ಕಿಂತ ವಾಯ್ಸ್ ಮೆಸೇಜ್ ಕಳಿಸುವುದೇ ಸುಲಭ. ಬಾಯಿಮಾತಿಗೆ ಲಿಪಿಯ ಹಂಗಿಲ್ಲ.

ಜಿಯೋ ಫೋನ್ 2017ರಲ್ಲಿ 1,500 ರೂಪಾಯಿ ಠೇವಣಿಯ ಮೇಲೆ ಬಂದಿತು. ಅದರೊಳಗಿನ ವ್ಯವಸ್ಥೆಗೆ ಕೈ ಓಎಸ್ ಎಂದು ಹೆಸರು. ಮೊಜಿಲ್ಲಾ ಸಂಸ್ಥೆ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನಿಂದ ಹುಟ್ಟಿದ್ದು. ವಾಟ್ಸಾಪ್ ಅದಕ್ಕೆ ಬಂದದ್ದು 2018ರ ಸೆಪ್ಟೆಂಬರ್‌ನಲ್ಲಿ. 2023ರ ಕೊನೆಯಲ್ಲಿ ಬಂದ ಜಿಯೋಫೋನ್ ಪ್ರೈಮಾ ಕೂಡ ವಾಟ್ಸಾಪ್ ಇದೆ ಎಂದು ಹೇಳಿಯೇ 2,599 ರೂಪಾಯಿಗೆ ಮಾರಾಟವಾಯಿತು. ಅದನ್ನು ಕೊಂಡವರಿಗೆ ಆ ಸೌಲಭ್ಯ ಒಂದೂವರೆ ವರ್ಷವೂ ದಕ್ಕಲಿಲ್ಲ ಎಂಬುದು ಬೇಸರದ ಸಂಗತಿ.

ಈಗ ಆಂಡ್ರಾಯ್ಡ್ ಫೋನ್‌ಗೆ ಹೋಗುವವರು ಒಂದು ಮಾತು ತಿಳಿದಿರಬೇಕು. ವಾಟ್ಸಾಪ್ ಖಾತೆ ಇರುವುದು ಫೋನ್ ನಂಬರಿನ ಮೇಲೆ, ಫೋನಿನ ಮೇಲೆ ಅಲ್ಲ. ಹಳೆಯ ನಂಬರಿನಿಂದಲೇ ಹೊಸ ಫೋನ್‌ನಲ್ಲಿ ವಾಟ್ಸಾಪ್ ತೆರೆದರೆ ಖಾತೆ ಅದೇ, ಸೇರಿದ್ದ ಗುಂಪುಗಳೂ ಅವೇ. ಆದರೆ ಸಾಮಾನ್ಯವಾಗಿ 120 ದಿನ ಬಳಸದೆ ಬಿಟ್ಟ ಖಾತೆ ಅಳಿಸಿಹೋಗುತ್ತದೆ. ಹಾಗೆ ಬಿಟ್ಟಿದ್ದವರು ಹೊಸದಾಗಿ ಖಾತೆ ಮಾಡಿ, ಗುಂಪಿನ ಅಡ್ಮಿನ್‌ಗೆ ಹೇಳಿ ಮತ್ತೆ ಸೇರಿಸಿಕೊಳ್ಳಬೇಕು. ಅದಕ್ಕಿಂತ ದೊಡ್ಡ ಅಪಾಯ ರೀಚಾರ್ಜ್ ಮಾಡದೆ ನಂಬರೇ ಬಂದ್ ಆಗುವುದು. ಬಂದ್ ಆದ ನಂಬರನ್ನು 90 ದಿನಗಳ ನಂತರ ಬೇರೊಬ್ಬರಿಗೆ ಕೊಡಬಹುದು.

ಹಳೆಯ ಸಂದೇಶಗಳು ಮಾತ್ರ ಹೊಸ ಫೋನ್‌ಗೆ ಬರುವುದಿಲ್ಲ. ಕೈ ಓಎಸ್‌ನಿಂದ ಆಂಡ್ರಾಯ್ಡ್‌ಗೆ ಅವನ್ನು ಸಾಗಿಸುವ ದಾರಿ ಇಲ್ಲ. ಮೆಮೊರಿ ಕಾರ್ಡಿನಲ್ಲಿ ಉಳಿಸಿಟ್ಟ ಫೋಟೊಗಳು ಹೊಸ ಫೋನ್‌ನಲ್ಲಿ ತೆರೆಯುತ್ತವೆ. ನೆಂಟರ ಹೆಸರು-ನಂಬರುಗಳನ್ನೂ ಕಾರ್ಡಿಗೋ ಸಿಮ್‌ಗೋ ನಕಲು ಮಾಡಿಕೊಳ್ಳಬೇಕು. ಇಲ್ಲವಾದರೆ ಗುಂಪಿನಲ್ಲಿ ಅಕ್ಕನೂ ಬರೀ ನಂಬರು, ಅಳಿಯನೂ ಬರೀ ನಂಬರು!

ಜಿಯೋ ಫೋನ್‌ಗೆಂದೇ ಇರುವ ಅಗ್ಗದ ರೀಚಾರ್ಜ್ ಆ ಫೋನ್‌ನಲ್ಲಿ ಮಾತ್ರ ನಡೆಯುತ್ತದೆ. ಸಿಮ್ ತೆಗೆದು ಆಂಡ್ರಾಯ್ಡ್‌ಗೆ ಹಾಕುವ ಮೊದಲು ಬೇರೆ ಪ್ಲಾನ್ ಹಾಕಿಸುವುದು ಒಳ್ಳೆಯದು. ಮನೆಯಲ್ಲಿ ಬಿದ್ದಿರುವ ಹಳೆಯ ಆಂಡ್ರಾಯ್ಡ್ ಫೋನ್ ಆದೀತೇ ಎಂದು ಕೇಳುವವರಿದ್ದಾರೆ. 5.0 ಆವೃತ್ತಿಗಿಂತ ಹಳೆಯದಾದರೆ 2023ರ ಅಕ್ಟೋಬರ್‌ನಿಂದಲೇ ಅದರಲ್ಲೂ ವಾಟ್ಸಾಪ್ ಇಲ್ಲ. ಸಿಮ್ ಒಂದು ಫೋನ್‌ನಲ್ಲಿ, ವಾಟ್ಸಾಪ್ ಇನ್ನೊಂದರಲ್ಲಿ ಇಟ್ಟುಕೊಳ್ಳುವ ರೂಢಿಯೂ ಬೇಡ. ಸಿಮ್ ಇರುವ ಫೋನ್‌ನಲ್ಲೇ ಇಂತಹ ಆಪ್‌ಗಳು ನಡೆಯಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ನಿರ್ದೇಶನ ನೀಡಿದೆ.

ಇನ್ನು ಬಳಕೆ. ಗುಂಡಿಗೆ ಒಗ್ಗಿದ ಕೈಗೆ ಮೊದಮೊದಲು ಗಾಜಿನ ಪರದೆ ತಬ್ಬಿಬ್ಬು ಮಾಡುತ್ತದೆ. ಜಿಯೋ ಫೋನ್‌ನಲ್ಲಿ ಕೆಳಗಿನ ಗುಂಡಿ ಒತ್ತಿದರೆ ಬರುತ್ತಿದ್ದ ಆಯ್ಕೆಗಳು ಇಲ್ಲಿ ಮೇಲೆ ಬಲತುದಿಯ ಮೂರು ಚುಕ್ಕೆಗಳಲ್ಲಿವೆ. ಒಂದು ಸಂದೇಶವನ್ನು ಅಳಿಸಬೇಕಾದರೆ ಅದರ ಮೇಲೆ ಬೆರಳು ಒತ್ತಿ ಹಿಡಿಯಬೇಕು. ವಾಯ್ಸ್ ಮೆಸೇಜ್‌ಗೆ ಕೆಳಗೆ ಬಲಗಡೆಯ ಮೈಕ್ ಒತ್ತಿ ಹಿಡಿದು ಮಾತನಾಡಬೇಕು. ಬೆರಳು ಎತ್ತಿದ ಕೂಡಲೇ ಅದು ಹೊರಟುಹೋಗುತ್ತದೆ. ಮಾತು ತಪ್ಪಿದರೆ ಬೆರಳು ಎತ್ತದೆ ಎಡಕ್ಕೆ ಸರಿಸಿದರಾಯಿತು, ರದ್ದಾಗುತ್ತದೆ. ಉದ್ದ ಮಾತಿದ್ದರೆ ಮೇಲಕ್ಕೆ ಸರಿಸಿ ಕೈ ಬಿಡಬಹುದು. ಸೆಟ್ಟಿಂಗ್ಸ್‌ನಲ್ಲಿ ಆಪ್‌ನ ಭಾಷೆ ಕನ್ನಡ ಬೇಕೋ ತೆಲುಗು ಬೇಕೋ ಆರಿಸಿಕೊಳ್ಳಬಹುದು. ಜಿಬೋರ್ಡ್ ಎಂಬ ಕೀಬೋರ್ಡಿಗೆ ಎರಡೂ ಭಾಷೆ ಸೇರಿಸಿಕೊಂಡರೆ ತಮ್ಮನಿಗೆ ಕನ್ನಡದಲ್ಲಿ, ಮಂಡಲ ಕಚೇರಿಗೆ ತೆಲುಗಿನಲ್ಲಿ ಬರೆಯಲು ಅಡ್ಡಿಯಿಲ್ಲ.

ಬಂದದ್ದನ್ನೆಲ್ಲ ಮುಂದೆ ಕಳಿಸುವ ಚಟದ ಬಗ್ಗೆ ಈ ಭಾಗದವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದಿತು. ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಭಾರತದಲ್ಲಿ ಬಂದದ್ದು ಅದೇ ತಿಂಗಳು.

ಜಿಯೋ ಫೋನ್‌ನಲ್ಲಿ ಮತ್ತೆ ವಾಟ್ಸಾಪ್ ಹಾಕಿಕೊಡುತ್ತೇವೆಂದು ಯಾರಾದರೂ ಲಿಂಕ್ ಕಳಿಸಿದರೆ ಅದನ್ನು ಒತ್ತಬಾರದು. ಹೊಸ ಫೋನ್‌ನಲ್ಲಿ ಖಾತೆ ತೆರೆಯುವಾಗ ಬರುವ ಆರಂಕಿಯ ಕೋಡನ್ನು ಪರಿಚಿತರು ಕೇಳಿದರೂ ಹೇಳಬಾರದು. ಕೇಳುತ್ತಿರುವುದು ಅವರ ಖಾತೆ ಕದ್ದವರೂ ಆಗಿರಬಹುದು. ಸೆಟ್ಟಿಂಗ್ಸ್‌ನ ಖಾತೆ ವಿಭಾಗದಲ್ಲಿ ಎರಡು ಹಂತದ ಪರಿಶೀಲನೆ ಎಂಬುದಿದೆ. ಅಲ್ಲಿ ಸ್ವಂತ ಪಿನ್ ಹಾಕಿಟ್ಟರೆ ಕೋಡ್ ಒಂದೇ ಸಿಕ್ಕ ಕಳ್ಳನಿಗೆ ಖಾತೆ ಸಿಗುವುದಿಲ್ಲ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ತೆಲಂಗಾಣವಾಗಲಿ ಕರ್ನಾಟಕವಾಗಲಿ, ನಂಬರು ಒಂದೇ.